ಕಷ್ಟದ ಸರಬರಾಯಿ

ಬೆಳಗಾವಿಯ ಆ ಸರಕಾರಿ ಕಚೇರಿಯಲ್ಲಿ, ಸಾಹೇಬರದನ್ನು ಬಿಟ್ಟರೆ, ಎರಡು ಕೈಗಳಿದ್ದ ಖುರ್ಚಿ ಒಂದೇ ಒಂದು. ಯಾವ ಕಚೇರಿ ಎಂದು ಕೇಳಬಾರದು. ಏನು ಕೇಳಿದರೂ ಅರ್ಜಿ ಬರೆದು ತನ್ನಿ ಎನ್ನುವ ಕಚೇರಿ ಅದು. ಆ ಖುರ್ಚಿಯಲ್ಲಿ ಕೂಡುವವನು ಅವಲ ಕಾರಕೂನ, ಅಂದರೆ ಕಾರಕೂನರಿಗೆಲ್ಲ ಹಿರಿಯ. ಉಳಿದವರ ಖುರ್ಚಿಗಳಿಗೆ ಕೈಗಳಿರಲಿಲ್ಲ. ೧೯೨೭ರ ನವೆಂಬರಿನಲ್ಲಿ, ಇದ್ದ ಅವಲ ಕಾರಕೂನರು ಹೊಸ ವರ್ಷಕ್ಕೆ ಪೆನ್ಶನ್ನಿಗೆ ಹೋಗುತ್ತಾರೆಂಬ ಸುದ್ದಿ ಹುಟ್ಟಿತು. ಅಂದಿನಿಂದ ಕಾರಕೂನ ಮಾರ್ತಾಂಡರಾಯರಿಗೆ ತಮ್ಮ ಮೊಳಕೈಗಳು ಆಸರೆಯಿಲ್ಲದೆ ಜೋತಾಡುತ್ತಿವೆ ಅನ್ನಿಸತೊಡಗಿತು. ಹದಿನೆಂಟು ವರ್ಷ ಅವು ಹಾಗೆಯೇ ಇದ್ದವು; ಆದರೆ ನೋವು ಶುರುವಾದದ್ದು ಆಗ.

ಈ ನೋವು ಇನ್ನೊಬ್ಬರಿಗೂ ಇತ್ತು. ಅವರು ಪಂಢರಿನಾಥರಾಯರು. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು, ಒಂದೇ ಪಗಾರದವರು, ಒಂದೇ ಗೋಡೆಗೆ ಬೆನ್ನು ಹಚ್ಚಿ ಕೂತವರು. ವ್ಯತ್ಯಾಸವೆಂದರೆ ಮಾರ್ತಾಂಡರಾಯರು ದಪ್ಪಗಿದ್ದರು, ಪಂಢರಿನಾಥರಾಯರು ತೆಳ್ಳಗಿದ್ದರು. ಮತ್ತೆ ಪಂಢರಿನಾಥರಾಯರ ಬಿಳಿ ಕೋಟಿಗೆ ಸುಕ್ಕೆಂಬುದು ಬಿದ್ದದ್ದನ್ನು ಯಾರೂ ಕಂಡಿರಲಿಲ್ಲ. ಈ ಕೋಟನ್ನು ನೆನಪಿಟ್ಟುಕೊಳ್ಳಬೇಕು.

ಪೆಂಬರ್ ಸಾಹೇಬರು ಆಗಷ್ಟೇ ರಜೆ ಮುಗಿಸಿ ಬಂದಿದ್ದರು. ಊರಿಗೆ ಹೋಗುವಾಗ ನಡುವೆ ಸ್ವಿಟ್ಜರ್ಲೆಂಡಿನಲ್ಲಿ ಇಳಿದು ಗುಡ್ಡ ಹತ್ತಿದ್ದರಂತೆ. ಬಂದವರೇ ಗೋಡೆಗೆ ಒಂದು ದೊಡ್ಡ ಚಿತ್ರ ತೂಗುಹಾಕಿದರು. ಕೆಳಗೆ ಸರೋವರ, ಮೇಲೆ ಹಿಮದ ಶಿಖರ, ಅದರ ಹೆಗಲ ಮೇಲೆ ಕಡ್ಡಿಪೆಟ್ಟಿಗೆಯಷ್ಟು ಒಂದು ಗುಡಿಸಲು. ಒಂದು ದಿನ ಇಬ್ಬರು ಕಾರಕೂನರೂ ಕಾಗದ ಹಿಡಿದು ಸಹಿಗೆ ನಿಂತಾಗ ಸಾಹೇಬರು ಚಿತ್ರದ ಕಡೆ ಬೆರಳು ಮಾಡಿದರು.

"ಈ ಸರೋವರದಿಂದ ಆ ಗುಡಿಸಲಿಗೆ ಏಳು ತಾಸಿನ ಏರು. ಎರಡು ಸಲ ಕಾಲು ಜಾರಿತು. ಒಂದು ಸಲ ಸಾಯುವುದಷ್ಟೇ ಬಾಕಿ ಇತ್ತು. ಅಂಥ ಸುಖ ಮತ್ತೆಲ್ಲೂ ಕಾಣಲಿಲ್ಲ," ಎಂದು ನಿಟ್ಟುಸಿರು ಬಿಟ್ಟರು. "ಇಂಥದ್ದು ನಿಮ್ಮ ಸೀಮೆಯಲ್ಲಿ ಎಲ್ಲಿಂದ ಬರಬೇಕು?"

ಪಂಢರಿನಾಥರಾಯರು ಇಲ್ಲವೆನ್ನಲು ಬಾಯಿ ತೆರೆದರು. ಅವರು ತೆರೆಯದಿದ್ದರೆ ಮಾರ್ತಾಂಡರಾಯರೂ ಇಲ್ಲವೆಂದೇ ಹೇಳುತ್ತಿದ್ದರು, ಈ ಕಥೆಯೂ ಇರುತ್ತಿರಲಿಲ್ಲ.

"ಇದೆ ಸರ್," ಎಂದರು ಮಾರ್ತಾಂಡರಾಯರು. "ಖಾನಾಪುರದ ಕಡೆ."

"ಕಠಿಣವೇ?"

"ಬಹಳ ಕಠಿಣ, ಸರ್."

"ನೀವು ಹತ್ತಿದ್ದೀರಾ?"

"ಸಣ್ಣವನಿದ್ದಾಗಿನಿಂದ, ಸರ್."

ಮಾರ್ತಾಂಡರಾಯರು ಸಣ್ಣವರಿದ್ದಾಗಿನಿಂದ ಹತ್ತಿದ ಎತ್ತರದ ಜಾಗವೆಂದರೆ ಶಹಾಪುರದಲ್ಲಿದ್ದ ಅವರ ಮನೆಯ ಅಟ್ಟ. ಅದನ್ನೂ ಕೆಳಗೆ ಯಾರಾದರೂ ಏಣಿ ಹಿಡಿದಾಗ ಮಾತ್ರ. ಆದರೆ ಸಾಹೇಬರು ಎದ್ದು ನಿಂತು ಅವರ ಕೈ ಕುಲುಕಿದರು. ಕ್ರಿಸ್‌ಮಸ್ ರಜೆಯಲ್ಲಿ ಹೋಗುವುದು, ಯೋಜನೆಯನ್ನು ಮಾರ್ತಾಂಡರಾಯರೇ ಹಾಕುವುದು ಎಂದು ಅಲ್ಲೇ ನಿಶ್ಚಯವಾಯಿತು. "ಒಂದು ಮಾತು ನೆನಪಿರಲಿ," ಎಂದರು ಸಾಹೇಬರು, "ಸುಲಭದ ದಾರಿ ನನಗೆ ಬೇಡ."

ಮನೆಯಲ್ಲಿ ಹೆಂಡತಿ ಕುಂದಾಬಾಯಿ ಎಲ್ಲವನ್ನೂ ಕೇಳಿಸಿಕೊಂಡು, ಅಕ್ಕಿಯ ಮೊರ ಕೆಳಗಿಟ್ಟರು.

"ಅಟ್ಟದಾಗಿನ ಹಪ್ಪಳದ ಡಬ್ಬಿ ತಗದು ಕೊಡ್ರಿ ಅಂದ್ರ ತಲಿ ತಿರಗತದ ಅಂತೀರಿ. ನೀವು ಗುಡ್ಡ ಹತ್ತವ್ರ?"

"ಹತ್ತವ್ರು ಸಾಹೇಬ್ರು. ನಂದು ಬರೇ ಯೋಜನಾ."

ಓಣಿಯಲ್ಲಿ ಸುದ್ದಿ ಹರಡಲು ಅರ್ಧ ದಿನ ಸಾಕಾಯಿತು. ಬಾಜೂ ಮನೆಯ ಅಲಕಾಬಾಯಿ ಬಂದು ಯಾವ ದೇವರಿಗೆ ಹರಕೆ ಎಂದು ಕೇಳಿದರು. ಆ ಗುಡ್ಡದ ಮೇಲೆ ದೇವರಿಲ್ಲ ಎಂದಾಗ ಅವರಿಗೆ ಗಾಬರಿಯಾಯಿತು. "ದೇವ್ರಿಲ್ಲದ ಗುಡ್ಡಾ ಹತ್ತಿ ಮಾಡೂದೇನ್ರಿ?" ಎಂದು ಕೇಳಿ, ಒಂದು ತೆಂಗಿನಕಾಯಿ ಕೊಟ್ಟು, ದೇವರಿರದಿದ್ದರೂ ಒಡೆದು ಬನ್ನಿ ಎಂದು ಹೇಳಿ ಹೋದರು.

ಯೋಜನೆ ಹಾಕುವುದೆಂದರೆ ಹೋಗಿ ನೋಡುವುದು ಎಂದು ತಿಳಿಯುವವರು ಕಚೇರಿಯ ಕೆಲಸ ಅರಿಯದವರು. ಮಾರ್ತಾಂಡರಾಯರು ಕಾಗದ ಬರೆದರು. ಖಾನಾಪುರದ ಒಂದು ಕಚೇರಿಯಲ್ಲಿ ಕುಂದಾಬಾಯಿಯ ತಮ್ಮ ಕೃಷ್ಣಾಜಿ ಕಾರಕೂನನಾಗಿದ್ದ. ಸಾಹೇಬರೊಬ್ಬರೇ ಬರುವವರಿದ್ದಾರೆ, ಕೆರೆ ಇರುವ, ಮೇಲೆ ಗುಡಿಸಲಿರುವ ಒಂದು ಗುಡ್ಡ ಹುಡುಕು ಎಂದು ಅವನಿಗೆ ಬರೆದರು. ಎಂಟು ದಿನದಲ್ಲಿ ಉತ್ತರ ಬಂತು. ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೋಗುವಾಗ ಒಂದು ಹಳ್ಳಿ ಇದೆ, ಅಲ್ಲಿ ಎಮ್ಮೆಗಳು ಕೂಡುವ ಒಂದು ಕೆರೆ ಇದೆ, ಎದುರಿಗೆ ಗುಡ್ಡ, ಗುಡ್ಡದ ತಲೆಯ ಮೇಲೆ ಮಾಯವ್ವ ಎಂಬ ದನಗಾಹಿ ಮುದುಕಿಯ ಗುಡಿಸಲು. ಜೊತೆಗೆ ಒಂದು ನಕ್ಷೆಯೂ ಇತ್ತು. ಮಾರ್ತಾಂಡರಾಯರು ಪಟ್ಟಿ ಇಟ್ಟು ಕೆರೆಯಿಂದ ಗುಡಿಸಲಿಗೆ ಒಂದು ನೆಟ್ಟನೆಯ ಗೆರೆ ಎಳೆದರು. ಗೆರೆ ಸರಿಯಾಗಿ ಒಂದು ಮೈಲು ಬಂತು. ಅದಕ್ಕೆ ಕೆಂಪು ಶಾಯಿ ಹಚ್ಚಿ, ಕೆರೆಯನ್ನು ಸರೋವರವೆಂದೂ ಗುಡಿಸಲನ್ನು ಪರ್ವತಕುಟೀರವೆಂದೂ ಬರೆದು, ಒಂದು ಪ್ರತಿಯನ್ನು ಸಾಹೇಬರಿಗೂ ಒಂದು ಪ್ರತಿಯನ್ನು ಕೃಷ್ಣಾಜಿಗೂ ಕಳಿಸಿದರು. ಸಾಹೇಬರು ಗೆರೆಯನ್ನು ನೋಡಿ, ಇಷ್ಟು ನೇರವಾಗಿ ಏರುವ ದಾರಿ ಸ್ವಿಟ್ಜರ್ಲೆಂಡಿನಲ್ಲೂ ಇರಲಿಲ್ಲ ಎಂದರು. ಮಾರ್ತಾಂಡರಾಯರಿಗೆ ಆ ದಿನ ಮೊಳಕೈ ನೋಯಲಿಲ್ಲ.

ಡಿಸೆಂಬರಿನ ಮೊದಲ ರವಿವಾರ ಕೃಷ್ಣಾಜಿ ತಾನೇ ರೈಲು ಹತ್ತಿ ಬಂದ. ಮುಖ ಅರಳಿತ್ತು.

"ಭಾವಜಿ, ಇನ್ನ ಚಿಂತೀನ ಬ್ಯಾಡ. ದಾರಿ ತಯಾರ ಆತು."

"ಏನ್ ತಯಾರ?"

"ನೀವು ಕೆಂಪು ಗೆರಿ ಎಳದಿದ್ರಲಾ, ಅದರ ಮ್ಯಾಲ ಹನ್ನೆರಡ ಫೂಟ ಅಗಲ ದಾರಿ ಹೊಡಿಸೇವಿ. ಮೆಟ್ಟಲಾ ಕಡಿಸೇವಿ. ಫರ್ಲಾಂಗಿಗೊಂದು ಹಂದರ, ಹಂದರಕ್ಕೊಂದು ಖುರ್ಚಿ. ಎಂಟೂ ಕಡೆ ಎಳನೀರ ಇಡತೇವಿ. ನಾಕ ಮಂದಿ ಡೋಲಿ ಹಿಡಕೊಂಡು ನಿಂತಿರತಾರ. ಸಾಹೇಬ್ರ ಬೂಟಿಗೆ ಮಣ್ಣ ಹತ್ತಿದ್ರ ನನ್ನ ಹೆಸರ ತಗೀರಿ."

ಕೃಷ್ಣಾಜಿಯ ತಪ್ಪೇನೂ ಇರಲಿಲ್ಲ. ಸಾಹೇಬರು ಸವಾರಿ ಬರುತ್ತಾರೆಂದರೆ ಖಾನಾಪುರದ ಸೀಮೆಯಲ್ಲಿ ಅಜ್ಜನ ಕಾಲದಿಂದಲೂ ಒಂದು ಪದ್ಧತಿ ಇತ್ತು. ಹಾಲು, ಕೋಳಿ, ಕಟ್ಟಿಗೆ, ಹಂದರ, ಹೊರುವ ಆಳು ಎಲ್ಲವನ್ನೂ ಹಳ್ಳಿಯವರು ಮುಂಚಿತವಾಗಿ ಒದಗಿಸಿಡಬೇಕು. ಇದಕ್ಕೆ ಸರಬರಾಯಿ ಎಂದು ಹೆಸರು. ಸಾಹೇಬರು ದಾರಿಯಲ್ಲಿ ಒಂದು ಮುಳ್ಳು ತುಳಿದರೂ ಆ ಮುಳ್ಳಿನ ಚೌಕಶಿ, ಅಂದರೆ ವಿಚಾರಣೆ, ಮೂರು ತಿಂಗಳು ನಡೆಯುತ್ತಿತ್ತು.

"ಕೃಷ್ಣಾಜಿ," ಎಂದರು ಮಾರ್ತಾಂಡರಾಯರು ತಲೆಗೆ ಕೈ ಹಚ್ಚಿ, "ಸಾಹೇಬ್ರಿಗೆ ತ್ರಾಸ ಬೇಕಾಗೇದ."

ಕೃಷ್ಣಾಜಿ ಅಕ್ಕನ ಮುಖ ನೋಡಿದ. ಅಕ್ಕ ತಲೆ ಆಡಿಸಿದಳು.

"ಖರೇನ?"

"ಖರೇನ. ಕಾಲ ಜಾರಬೇಕು, ಬೆವರ ಇಳೀಬೇಕು. ಹಂದರಾ ಕೀಳಸು. ಮೆಟ್ಟಲಾ ಮುಚ್ಚಸು."

ಕೃಷ್ಣಾಜಿ ಕಾರಕೂನನೊಬ್ಬ ಆಡಬಹುದಾದ ಒಂದೇ ಮಾತನ್ನು ಆಡಿದ. "ಹಂಗಾರ ಬರದು ಕೊಡ್ರಿ."

ಮಾರ್ತಾಂಡರಾಯರು ಬರೆದರು. ಹದಿನೆಂಟು ವರ್ಷದ ನೌಕರಿಯಲ್ಲಿ ಅಂಥ ಹುಕುಮನ್ನು ಅವರು ಬರೆದಿರಲಿಲ್ಲ, ಅವರಿಗಿಂತ ಮೊದಲು ಯಾರೂ ಬರೆದಿರಲಿಲ್ಲ. "ಸದರಿ ಗುಡ್ಡದ ದಾರಿಯು ಕಠಿಣವಾಗಿರತಕ್ಕದ್ದು. ದಾರಿಯ ಮೇಲೆ ಮಾಡಿದ ಸೌಕರ್ಯಗಳನ್ನೆಲ್ಲ ರದ್ದುಪಡಿಸಿ, ಫರ್ಲಾಂಗಿಗೆ ಒಂದರಂತೆ ಎಂಟು ಕಷ್ಟಗಳನ್ನು ಒದಗಿಸತಕ್ಕದ್ದು. ಕಷ್ಟಗಳಲ್ಲಿ ಕೊರತೆ ಬಿದ್ದರೆ ಪಾಟೀಲನನ್ನು ಹೊಣೆ ಹಿಡಿಯಲಾಗುವುದು. ಎಲ್ಲಕ್ಕಿಂತ ದೊಡ್ಡ ಕಷ್ಟದ ಪಕ್ಕದಲ್ಲಿ ಪಾಟೀಲನು ಖುದ್ದು ಹಾಜರಿದ್ದು, ಹತ್ತಿದವರಿಗೆ ಹತ್ತಿದ ಬಗ್ಗೆ ಸಹಿ ಮಾಡಿದ ದಾಖಲೆ ಕೊಡತಕ್ಕದ್ದು." ಕೊನೆಯ ವಾಕ್ಯ ತಮ್ಮ ಸ್ವಂತ ಬುದ್ಧಿಯಿಂದ ಹೊಳೆದದ್ದು ಎಂದು ಅವರಿಗೆ ವಿಶೇಷ ಹೆಮ್ಮೆಯಾಯಿತು.

ಆ ಹುಕುಮು ಹಳ್ಳಿಯಲ್ಲಿ ಏನು ಮಾಡಿತೆಂಬುದನ್ನು ಕೃಷ್ಣಾಜಿ ಆಮೇಲೆ ಹೇಳಿದ. ಪಾಟೀಲ ಭರಮಣ್ಣ ಊರವರನ್ನು ಕೂಡಿಸಿ, ಸರಕಾರಕ್ಕೆ ಎಂಟು ಕಷ್ಟ ಬೇಕಾಗಿವೆ ಎಂದು ಓದಿ ಹೇಳಿದನಂತೆ. ಮಂದಿ ಮೊದಲು ನಂಬಲಿಲ್ಲ. ಇಷ್ಟು ವರ್ಷ ಸರಕಾರ ಕೊಡುತ್ತಿದ್ದದ್ದನ್ನು ಈಗ ಕೇಳುತ್ತಿದೆಯಲ್ಲ ಎಂದು ಒಬ್ಬ ಹಿರಿಯ ಗದ್ಗದಿತನಾದನಂತೆ. ಆಮೇಲೆ ಹುರುಪು ಬಂತು. ಭತ್ತದ ಗದ್ದೆಗಳಲ್ಲಿ ತಲೆತಲಾಂತರದಿಂದ ನೇಗಿಲು ಮುರಿಯುತ್ತಿದ್ದ ಕಲ್ಲುಗಳನ್ನೆಲ್ಲ ಹೊತ್ತು ತಂದು ಗುಡ್ಡದ ಮೇಲೆ ಸುರಿದರು. ಹಳೆಯ ಬೇಲಿಯ ಮುಳ್ಳುಗಳನ್ನೆಲ್ಲ ತಂದು ಹಾಸಿದರು. ಡಿಸೆಂಬರಿನಲ್ಲಿ ಕೆಸರು ಸಿಗದ್ದರಿಂದ ಕೆರೆಯ ನೀರು ಹೊತ್ತು ಹಾಕಿ, ಹನ್ನೆರಡು ಎಮ್ಮೆಗಳನ್ನು ಮೂರು ದಿನ ಅಲ್ಲೇ ನಿಲ್ಲಿಸಿ ಕೆಸರು ಮಾಡಿದರು. ಪ್ರತಿಯೊಂದು ಕಷ್ಟದ ಮುಂದೆ ಸುಣ್ಣ ಬಳಿದ ಕಲ್ಲು ನೆಟ್ಟು ನಂಬರು ಬರೆದರು. ಆರನೆಯ ಕಷ್ಟಕ್ಕೆ ಏನೂ ಹೊಳೆಯದಿದ್ದಾಗ ಭರಮಣ್ಣ ತನ್ನ ಸ್ವಂತ ಟಗರನ್ನು ತಂದು ಕಟ್ಟಿದ. ಅದು ಮೂರು ಹಳ್ಳಿಗಳಲ್ಲಿ ಹೆಸರಾದ ಟಗರು. ಎಲ್ಲಕ್ಕಿಂತ ದೊಡ್ಡ ಕಷ್ಟ ಅದೇ ಎಂದು ಊರು ಒಮ್ಮತದಿಂದ ಒಪ್ಪಿದ್ದರಿಂದ, ಭರಮಣ್ಣ ಅದರ ಪಕ್ಕದಲ್ಲೇ ತನ್ನ ಆಸನ ಹಾಕಿಸಿದ.

ಎಲ್ಲ ಸಿದ್ಧವಾಯಿತೆಂದು ಮಾರ್ತಾಂಡರಾಯರು ಸಾಹೇಬರಿಗೆ ತಿಳಿಸಿದರು. ಸಾಹೇಬರು ಸಂತೋಷದಿಂದ ಪೈಪು ತುಂಬಿದರು.

"ಸ್ವಿಟ್ಜರ್ಲೆಂಡಿನಲ್ಲಿ ಒಂದು ನಿಯಮ ಇದೆ. ಪಳಗಿದವರು ಮೊದಲು ಹತ್ತಿ, ದಾರಿ ಹೇಗಿದೆ, ಎಷ್ಟು ತಾಸು ಬೇಕು ಎಂದು ಬರೆದು ಕೊಡಬೇಕು. ಆಮೇಲೆ ಉಳಿದವರು ಹತ್ತುವುದು. ಈ ಶನಿವಾರ ನೀವು ಹತ್ತಿ ಬನ್ನಿ. ಪಂಢರಿನಾಥರನ್ನೂ ಕರೆದುಕೊಂಡು ಹೋಗಿ, ವರದಿಗೆ ಇಬ್ಬರ ಸಹಿ ಇರಲಿ. ಅವಲ ಕಾರಕೂನರನ್ನು ನೇಮಿಸುವ ಮೊದಲು ನಿಮ್ಮಿಬ್ಬರನ್ನೂ ಕಚೇರಿಯ ಹೊರಗೆ ಒಮ್ಮೆ ನೋಡಿದಂತಾಗುತ್ತದೆ."

ಮಾರ್ತಾಂಡರಾಯರು ಗೋಡೆಯ ಚಿತ್ರದ ಶಿಖರವನ್ನು ಒಮ್ಮೆ ನೋಡಿದರು. "ಯೆಸ್ ಸರ್," ಎಂದರು.

ಕುಂದಾಬಾಯಿ ದಾರಿಗೆಂದು ಹಾಲಿನಲ್ಲಿ ಕಲಸಿದ ದಶಮಿ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿದರು. ಅಲಕಾಬಾಯಿಯ ತೆಂಗಿನಕಾಯಿಯನ್ನೂ ಚೀಲದಲ್ಲಿ ಹಾಕಿದರು. ಗಂಡನ ಮುಖ ನೋಡಿ ಅವರಿಗೂ ಈಗ ಕನಿಕರ ಬಂದಿತ್ತು. "ಒಂದು ಮಾತು ಕೇಳ್ರಿ. ಹೋಗಿ ಖರೇ ಹೇಳಿಬಿಡ್ರಿ. ಖುರ್ಚಿ ಹೋದ್ರ ಹೋತು." ಮಾರ್ತಾಂಡರಾಯರು ಕೇಳಲಿಲ್ಲ.

ಶುಕ್ರವಾರ ರೈಲಿನಿಂದ ಖಾನಾಪುರ, ಶನಿವಾರ ನಸುಕಿನಲ್ಲಿ ಕೃಷ್ಣಾಜಿಯೊಡನೆ ಚಕ್ಕಡಿಯಲ್ಲಿ ಜಾಂಬೋಟಿ ದಾಟಿ, ಹತ್ತು ಗಂಟೆಗೆ ಕೆರೆಯ ದಂಡೆ. ಭರಮಣ್ಣ ತಲೆಗೆ ಪಟಗ ಸುತ್ತಿಕೊಂಡು ಕಾದಿದ್ದ.

"ಬರ್ರಿ ರಾಯರ. ನಿಮ್ಮ ಹುಕುಮಿನಂಗ ಎಲ್ಲಾ ಮಾಡೇವಿ. ನೀವು ಈ ಕಡಿಗೆ ಇದ ಮೊದಲ ಸಲ ಬಂದೀರಿ, ಏನರ ಕಡಿಮಿ ಕಂಡ್ರ ಹೇಳಬೇಕ್ರಿ."

"ಮೊದಲ ಸಲ?" ಎಂದರು ಪಂಢರಿನಾಥರಾಯರು ಬಹಳ ಮೃದುವಾಗಿ. "ಸಣ್ಣವ್ರಿದ್ದಾಗಿಂದ ಹತ್ತತೀರಿ ಅಂದಿದ್ರಿ, ಮಾರ್ತಾಂಡರಾಯರ?"

ಮಾರ್ತಾಂಡರಾಯರು ಗುಡ್ಡದ ಕಡೆ ನಡೆದರು. ಭರಮಣ್ಣ ಎಲ್ಲರಿಗಿಂತ ಮೊದಲೇ ದುಡುದುಡು ಹತ್ತಿ ತನ್ನ ಜಾಗಕ್ಕೆ ಹೋದ. ದಾರಿ ಮಾಡಿದವನಿಗೆ ಎಲ್ಲಿ ಕಾಲಿಡಬೇಕೆಂದು ಗೊತ್ತಿತ್ತು.

ಮೊದಲನೆಯ ಫರ್ಲಾಂಗಿನ ಕಲ್ಲುಗಳು ಕಾಲಿಟ್ಟಲ್ಲೆಲ್ಲ ಉರುಳಿದವು. ಎರಡನೆಯದರ ಮುಳ್ಳುಗಳ ಮುಂದೆ ಪಂಢರಿನಾಥರಾಯರು ನಿಂತರು, ತಮ್ಮ ಕೋಟನ್ನು ಒಮ್ಮೆ ನೋಡಿಕೊಂಡರು, ಕೃಷ್ಣಾಜಿಯ ಕಿವಿಯಲ್ಲಿ ಏನೋ ಕೇಳಿದರು. ಕೃಷ್ಣಾಜಿ ಚಪ್ಪಾಳೆ ತಟ್ಟಿದ. ಗಿಡಗಳ ಮರೆಯಿಂದ ನಾಲ್ವರು ಡೋಲಿ ಹೊತ್ತು ಬಂದರು.

"ಡೋಲಿ ರದ್ದ ಮಾಡು ಅಂದಿದ್ದೆನಲೊ," ಎಂದು ಮಾರ್ತಾಂಡರಾಯರು ಮುಳ್ಳಿನ ನಡುವಿನಿಂದ ಕೂಗಿದರು.

"ದಾರಿ ಮ್ಯಾಲಿನ ಸೌಕರ್ಯ ರದ್ದ ಅಂತ ಬರದಿದ್ರಿ, ಭಾವಜಿ. ಡೋಲಿ ಇರೂದು ಮಂದಿ ಹೆಗಲ ಮ್ಯಾಲ."

"ಹಂಗಾರ ನನಗೂ ಒಂದು ತರಸು."

"ಇರೂದೊಂದ. ಸಾಹೇಬ್ರು ಒಬ್ಬರಽ ಬರತಾರ ಅಂತ ಬರದಿದ್ರಿ."

ಡೋಲಿ ಪಂಢರಿನಾಥರಾಯರನ್ನು ಹೊತ್ತು ಎತ್ತಲೋ ತಿರುಗಿ ಮಾಯವಾಯಿತು, ಕೃಷ್ಣಾಜಿ ಅದರ ಹಿಂದೆ ಓಡಿದ. ಮಾರ್ತಾಂಡರಾಯರು ಒಬ್ಬರೇ ಉಳಿದರು. ಹಿಂದಿರುಗಿದರೆ ಖುರ್ಚಿ ಹೋಯಿತು. ಆ ಖುರ್ಚಿಯ ಎರಡು ಕೈಗಳನ್ನು ನೆನೆಯುತ್ತ ಅವರು ಹತ್ತಿದರು. ಮುಳ್ಳಿನಲ್ಲಿ ಧೋತರದ ಅರ್ಧ ಹೋಯಿತು, ಕೆಸರಿನಲ್ಲಿ ಒಂದು ಬೂಟು ಹೋಯಿತು. ನಾಲ್ಕನೆಯದೂ ಐದನೆಯದೂ ಅವರಿಗೆ ಆಮೇಲೆ ನೆನಪಾಗಲೇ ಇಲ್ಲ. ಪ್ರತಿ ಸುಣ್ಣದ ಕಲ್ಲಿನ ಹತ್ತಿರವೂ ತಮ್ಮ ಹುಕುಮಿನ ಒಂದೊಂದು ಶಬ್ದ ಮಾತ್ರ ನೆನಪಾಯಿತು. ತಕ್ಕದ್ದು, ತಕ್ಕದ್ದು ಎಂದು ಎದೆ ಹೊಡೆದುಕೊಳ್ಳುತ್ತಿತ್ತು.

ಆರನೆಯ ಕಲ್ಲಿನ ಹತ್ತಿರ ಭರಮಣ್ಣ ಕಂಬಳಿ ಹಾಸಿ ದಫ್ತರ ಬಿಚ್ಚಿ ಕೂತಿದ್ದ. ಪಕ್ಕದಲ್ಲಿ ಟಗರು ನಿಂತಿತ್ತು.

"ಅದನ್ನ ಹಿಡಕೋಳೊ ಭರಮಣ್ಣ."

"ಹಿಡದ್ರ ಕಷ್ಟ ಕಡಿಮಿ ಬೀಳತೈತ್ರಿ ರಾಯರ. ಹೊಣೆ ನಂದೈತಿ," ಎಂದು ಭರಮಣ್ಣ ಹಗ್ಗ ಬಿಚ್ಚಿದ.

ಟಗರು ಸರಕಾರಿ ಕೆಲಸದಲ್ಲಿ ಯಾವ ಕೊರತೆಯನ್ನೂ ಉಳಿಸಲಿಲ್ಲ. ಮೂರನೆಯ ಗುದ್ದಿಗೆ ಮಾರ್ತಾಂಡರಾಯರು ಏಳನೆಯ ಫರ್ಲಾಂಗಿನಲ್ಲಿ ಹೋಗಿ ಬಿದ್ದರು. ಅಷ್ಟು ದೂರ ಅವರಿಗೆ ನಡೆಯುವುದು ತಪ್ಪಿತು. ಭರಮಣ್ಣ ಓಡಿ ಬಂದು ಅವರ ಕೈಯಲ್ಲಿ ದಾಖಲೆ ಇಟ್ಟ. ಅದನ್ನು ಅವನು ಹಿಂದಿನ ದಿನವೇ ಬರೆಸಿ ಇಟ್ಟಿದ್ದ. ಮಾರ್ತಾಂಡರಾಯರೂ ಪಂಢರಿನಾಥರಾಯರೂ ಎಂಟೂ ಕಷ್ಟಗಳನ್ನು ಪೂರ್ತಿಯಾಗಿ ಪಟ್ಟಿದ್ದಾರೆ ಎಂದಿತ್ತು.

ಗುಡ್ಡದ ತಲೆ ಮುಟ್ಟಿದಾಗ ಮಧ್ಯಾಹ್ನ ಮೂರು ಗಂಟೆ. ಗುಡಿಸಲಿನ ಮುಂದೆ ಪಂಢರಿನಾಥರಾಯರು ಕಂಬಳಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದರು. ಕೋಟಿಗೆ ಒಂದು ಸುಕ್ಕಿರಲಿಲ್ಲ. ಕೃಷ್ಣಾಜಿ ನೆರಳಲ್ಲಿ ನಿದ್ದೆ ಹೋಗಿದ್ದ.

ಮಾಯವ್ವ ಬಂದವರನ್ನು ಮೇಲಿಂದ ಕೆಳಗೆ ನೋಡಿದಳು. "ಯಪ್ಪಾ, ಈ ಬದಿಯಿಂದ ಯಾಕ ಬಂದಿ? ಇದು ಆಡೂ ಹತ್ತೂದಿಲ್ಲ. ಹಿಂದ ನಮ್ಮ ದಾರಿ ಐತೆಲ್ಲ, ದಿನಾ ಹಾಲಿನ ಕೊಡಾ ಹೊತ್ತು ಬರತೀನಿ. ಎಲಿ ಅಡಕಿ ಬಾಯಾಗ ಹಾಕ್ಕೊಂಡ್ರ ಅದು ಮುಗ್ಯೂದ್ರಾಗ ಕೆರಿ ಬರತೈತಿ."

"ಇದನ್ನ ನನಗ್ಯಾಕ ಯಾರೂ ಹೇಳಲಿಲ್ಲ?" ಎಂದರು ಮಾರ್ತಾಂಡರಾಯರು.

"ನೀ ಯಾರನ್ನ ಕೇಳಿದ್ದಿ?" ಎಂದಳು ಮಾಯವ್ವ, ಮತ್ತು ಅವರಿಗೂ ಮಜ್ಜಿಗೆ ಕೊಟ್ಟಳು.

ವರದಿ ಅಲ್ಲೇ ಬರೆಯಲಾಯಿತು. ಒಬ್ಬರು ಹಿಂದೆಂದೂ ಗುಡ್ಡ ಹತ್ತಿರಲಿಲ್ಲ ಎಂಬುದು ಇನ್ನೊಬ್ಬರಿಗೆ ಗೊತ್ತಿತ್ತು; ಇನ್ನೊಬ್ಬರು ಈಗಲೂ ಹತ್ತಿರಲಿಲ್ಲ ಎಂಬುದು ಮೊದಲಿನವರಿಗೆ ಗೊತ್ತಿತ್ತು. ಇಂಥ ಸಂದರ್ಭದಲ್ಲಿ ಇಬ್ಬರು ಸಭ್ಯರು ಏನು ಮಾಡುತ್ತಾರೋ ಅದನ್ನೇ ಮಾಡಿದರು. ದಾರಿ ಅತ್ಯಂತ ಭಯಂಕರವಾಗಿದೆ, ಪ್ರಾಣದ ಹಂಗಿದ್ದವರು ಹತ್ತತಕ್ಕದ್ದಲ್ಲ, ನಾವಿಬ್ಬರೂ ಹತ್ತಿದ್ದೇವೆ ಎಂದು ಬರೆದು, ಕೆಳಗೆ ಇಬ್ಬರೂ ಸಹಿ ಹಾಕಿದರು. ಬರೆದವರು ಮಾರ್ತಾಂಡರಾಯರೇ. ತಮ್ಮ ಸಾಹಸ ದೊಡ್ಡದಾಗಿ ಕಾಣಲೆಂದು ಎರಡು ಕಡೆ ಹುಲಿಯ ಹೆಜ್ಜೆಯನ್ನೂ ಸೇರಿಸಿದರು. ತೆಂಗಿನಕಾಯಿಯನ್ನು ಮಾಯವ್ವನ ಹೊಸ್ತಿಲಿಗೆ ಒಡೆದು, ಇಳಿಯುವಾಗ ಮಾತ್ರ ಹಿಂದಿನ ದಾರಿ ಹಿಡಿದರು.

ಸೋಮವಾರ ಸಾಹೇಬರು ಭರಮಣ್ಣನ ದಾಖಲೆಯನ್ನೂ ವರದಿಯನ್ನೂ ಎರಡೆರಡು ಸಲ ಓದಿದರು. ಆಮೇಲೆ ಎದುರಿಗೆ ನಿಂತ ಇಬ್ಬರನ್ನೂ ನೋಡಿದರು. ಮಾರ್ತಾಂಡರಾಯರ ಹಣೆಗೆ ಪಟ್ಟಿ, ಕೈಗೆ ಕೊರಳಿನಿಂದ ಕಟ್ಟಿದ ಜೋಳಿಗೆ. ಟಗರಿನ ದೆಸೆಯಿಂದ ನಿಲ್ಲಲು ಮಾತ್ರ ಬರುತ್ತಿತ್ತು, ಕೂಡಲು ಬರುತ್ತಿರಲಿಲ್ಲ. ಪಂಢರಿನಾಥರಾಯರು ಎಂದಿನಂತೆ ಇದ್ದರು.

"ಪಂಢರಿನಾಥ್, ಈ ಭಯಂಕರ ದಾರಿಯನ್ನು ನೀವೂ ಹತ್ತಿದಿರಾ?"

"ವರದಿಯಲ್ಲಿ ನನ್ನ ಸಹಿ ಇದೆ, ಸರ್."

"ಹುಲಿಯ ಹೆಜ್ಜೆ ನೋಡಿದಿರಾ?"

"ಬರೆದದ್ದು ಮಾರ್ತಾಂಡರಾಯರು, ಸರ್. ಅವರ ಮಾತನ್ನು ಅಲ್ಲಗಳೆಯಲಾರೆ."

ಸಾಹೇಬರು ಆ ಕೋಟನ್ನು ಬಹಳ ಹೊತ್ತು ನೋಡಿದರು. ಅವರ ಕಣ್ಣಲ್ಲಿ ಭಕ್ತಿಯಂಥದ್ದೇನೋ ಇತ್ತು. "ಮೊದಲ ಸಲ ಹತ್ತಿದ ಮನುಷ್ಯ. ಎಂಟು ಕಷ್ಟ ದಾಟಿದರೂ ಒಂದು ಗುಂಡಿ ಕದಲಿಲ್ಲ. ಇಂಥ ಮನುಷ್ಯ ಕಚೇರಿಯಲ್ಲಿ ಏನನ್ನು ತಾನೇ ನಿಭಾಯಿಸಲಾರ? ಮಾರ್ತಾಂಡ್, ನೀವೋ ಸಣ್ಣವರಿದ್ದಾಗಿನಿಂದ ಹತ್ತುತ್ತೀರಿ."

ಮಾರ್ತಾಂಡರಾಯರು ನಿಜ ಹೇಳಲು ಬಾಯಿ ತೆರೆದರು. ಡೋಲಿ ಎಂಬ ಎರಡಕ್ಷರ ಸಾಕಾಗಿತ್ತು. ಆದರೆ ಮೇಜಿನ ಮೇಲೆ ವರದಿ ಇತ್ತು, ವರದಿಯಲ್ಲಿ ತಮ್ಮದೇ ಅಕ್ಷರವಿತ್ತು, ಕೆಳಗೆ ತಮ್ಮದೇ ಸಹಿ. ಅವರಿಗೆ ಅಳು ಬಂದಿತು. ಸಾಹೇಬರು ಅದನ್ನು ಗಾಯದ ನೋವೆಂದು ತಿಳಿದರು.

"ಬೇಜಾರು ಮಾಡಿಕೊಳ್ಳಬೇಡಿ. ನಿಮಗೆ ರೂಢಿ ತಪ್ಪಿದೆ, ಅಷ್ಟೇ. ಕ್ರಿಸ್‌ಮಸ್ ಬೇಡ, ನಾವು ಮಾರ್ಚಿನಲ್ಲಿ ಕೂಡಿ ಹತ್ತೋಣ. ಅಲ್ಲಿಯವರೆಗೆ ನೀವು ಪ್ರತಿ ಶನಿವಾರ ಹೋಗಿ ಹತ್ತಿ ಬನ್ನಿ. ಆ ಪಾಟೀಲನ ಸಹಿಯ ದಾಖಲೆ ಮಾತ್ರ ತಪ್ಪದೆ ತರಬೇಕು. ಬಹಳ ಒಳ್ಳೆಯ ಏರ್ಪಾಡು ಅದು. ಯಾರಿಗೆ ಹೊಳೆಯಿತು?"

"ನನಗೇ, ಸರ್," ಎಂದರು ಮಾರ್ತಾಂಡರಾಯರು.

ಹೊಸ ವರ್ಷಕ್ಕೆ ಪಂಢರಿನಾಥರಾಯರು ಕೈಗಳಿರುವ ಖುರ್ಚಿಯಲ್ಲಿ ಕೂತರು. ಮಾರ್ತಾಂಡರಾಯರ ಮನೆಯಲ್ಲಿ ಶುಕ್ರವಾರ ಬಂತು. ಕುಂದಾಬಾಯಿ ದಶಮಿ ಕಟ್ಟುತ್ತ ಸಮಾಧಾನ ಹೇಳಿದರು.

"ಸುಮ್ಮನ ಹಿಂದಿನ ದಾರೀಲೆ ಹೋಗ್ರಿ. ಮಾಯವ್ವನ ಮನ್ಯಾಗ ಮಜ್ಜಿಗಿ ಕುಡೀರಿ, ಇಳದ ಬರ್ರಿ. ಯಾರಿಗೆ ತಿಳೀತದ?"

"ಪಾಟೀಲನ ಸಹಿ ಬೇಕಲ."

"ಇಸ್ಕೊಂಡ್ರಾತು. ಆಂವಾ ಎಲ್ಲಿ ಕೂತಿರತಾನ?"

ಮಾರ್ತಾಂಡರಾಯರು ಗೋಡೆಯನ್ನು ಹಿಡಿದು ಮೆಲ್ಲಗೆ ಎದ್ದರು.

"ಹುಕುಮಿನ್ಯಾಗ ನಾನ ಬರದೇನಿ," ಎಂದರು. "ಟಗರಿನ ಬಾಜೂಕ."